ಬೇಕಾಗಿದ್ದಾರೆ: ಚುಕ್ಕಿ ಇಡಲು ಬಲ್ಲವರು

ಮಳೆ ಕಳೆದು ನವೆಂಬರ್ ಬಂತು ಅಂದ್ರೆ ಸಾಕು, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಕರೆಯೋಲೆ ಓಡಾಡಲು ಶುರುವಾಗುತ್ತದೆ. ಮೇಲೆ ಪಾಚಿ ಹಿಡಿದ ವೀರಗಲ್ಲಿನ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಶಾಸನ ಸಂರಕ್ಷಣೆಗೆ ಸ್ವಯಂಸೇವಕರು ಬೇಕಾಗಿದ್ದಾರೆ'. ಆಮೇಲೆ ಸಣ್ಣ ಅಕ್ಷರದಲ್ಲಿ ನಾಲ್ಕು ಮಾತು: ಅನುಭವ ಬೇಕಿಲ್ಲ, ಆಸಕ್ತಿ ಇದ್ದರೆ ಸಾಕು, ಬಿಡುವಿನ ದಿನ ಬಂದರಾಯಿತು, ಇದು ಸೇವೆ, ಸಂಭಾವನೆ ಇರುವುದಿಲ್ಲ, ಭಾಗವಹಿಸಿದವರಿಗೆ ಪ್ರಮಾಣಪತ್ರ ಕೊಡಲಾಗುವುದು. ಕಳಿಸುವ ತಂಡದ ಹೆಸರು ವರ್ಷ ವರ್ಷ ಬೇರೆ ಆಗುತ್ತದೆ, ಒಕ್ಕಣೆ ಮಾತ್ರ ಅದೇ.

ಶಾಸನದ ಪಾಠವನ್ನು ಸಾಲು ಸಾಲಾಗಿ ನೋಡಿ ಅನುಮಾನಿಸುವವರು ನಾವು. ಈ ಕರೆಯನ್ನೂ ಒಂದು ಪಾಠ ಅಂತಲೇ ಇಟ್ಟುಕೊಂಡು ಓದಿದರೆ ತಪ್ಪೇನಿಲ್ಲ. ಯಾಕಂದ್ರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಶಾಸನದ ಕೆಲಸಕ್ಕೆ ಜನ ಬರುವುದೂ, ಬಂದವರು ಎರಡನೇ ವರ್ಷಕ್ಕೆ ಕಾಣೆಯಾಗುವುದೂ ಈ ನಾಲ್ಕು ಮಾತುಗಳಲ್ಲೇ ಅಡಗಿದೆ ಅಂತ ನನ್ನ ಲೆಕ್ಕ.

ಮೊದಲು 'ಅನುಭವ ಬೇಕಿಲ್ಲ' ಎಂಬ ಸಾಲು. ಇದು ಕಲ್ಲು ಹುಡುಕುವ ಕೆಲಸಕ್ಕೆ ಅರ್ಧ ನಿಜ. ಓದುವ ಕೆಲಸಕ್ಕೆ ಪೂರ್ತಿ ಸುಳ್ಳು.

ಒಂದು ಉದಾಹರಣೆ ಕಟ್ಟಿಕೊಳ್ಳಿ. ಕೆಳದಿ ಅರಸರ ಕಾಲದ ಒಂದು ದಾನಶಾಸನ, ಕಲ್ಲು ಸವೆದಿದೆ. ಶಕವರ್ಷದ ನಾಲ್ಕು ಅಂಕಿಗಳಲ್ಲಿ ಮೂರನೆಯದು ೬ ಇರಬಹುದು, ೯ ಇರಬಹುದು. ೬ ಅಂತ ಓದಿದರೆ ಶಕ 1567, ಅಂದರೆ ಕ್ರಿ.ಶ. 1645, ಶಿವಪ್ಪನಾಯಕ ಪಟ್ಟಕ್ಕೆ ಬಂದ ವರ್ಷ. ೯ ಅಂತ ಓದಿದರೆ ಶಕ 1597, ಕ್ರಿ.ಶ. 1675, ಆಗ ಆಳುತ್ತಿದ್ದವಳು ಚೆನ್ನಮ್ಮ. ಅಂಕಿಯ ಬಾಲ ಮೇಲಕ್ಕೆ ಹೋಯಿತೋ ಕೆಳಕ್ಕೆ ಬಂತೋ ಎಂಬ ಗೊಂದಲದಲ್ಲಿ ಒಂದು ದತ್ತಿ ಮೂವತ್ತು ವರ್ಷ ಜರುಗಿ, ಒಬ್ಬ ದೊರೆಯ ಕೈಯಿಂದ ಒಬ್ಬ ರಾಣಿಯ ಕೈಗೆ ಹೋಗಿಬಿಡುತ್ತದೆ. ಬಲ್ಲವರು ಇಲ್ಲಿ ಕಣ್ಣನ್ನು ನಂಬುವುದಿಲ್ಲ, ಪಕ್ಕದಲ್ಲಿ ಸಂವತ್ಸರ ಏನಿದೆ ಅಂತ ನೋಡುತ್ತಾರೆ. ಶಕ 1567 ಪಾರ್ಥಿವ ಸಂವತ್ಸರ. 1597 ರಾಕ್ಷಸ. ಹೆಸರಿನಲ್ಲಿ 'ರ್ಥಿ' ಎಂಬ ಒಂದು ಒತ್ತು ಕಂಡರೂ ವಿಷಯ ಇತ್ಯರ್ಥ. ಸಂವತ್ಸರವೂ ಅಳಿಸಿದ್ದರೆ ತಿಥಿ, ವಾರ, ಗ್ರಹಣದ ಮಾತು ಇದೆಯಾ ಅಂತ ಹುಡುಕಿ, ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳ ಜೊತೆ ತಾಳೆ ನೋಡಬೇಕು. ಅದೂ ಆಗಲಿಲ್ಲವೋ, ಆ ಜಾಗದಲ್ಲಿ ಚುಕ್ಕಿ ಇಟ್ಟು ಸುಮ್ಮನಾಗಬೇಕು.

ಆಸಕ್ತಿಯೊಂದನ್ನೇ ಹೊತ್ತು ಬಂದವರಿಗೆ ಈ ಕೊನೆಯದು ಬಹಳ ಕಷ್ಟ. ಭಾನುವಾರ ಬೆಳಿಗ್ಗೆ ಅಷ್ಟು ದೂರ ನಡೆದು, ಕಲ್ಲು ತೊಳೆದು, ಸಂಜೆಗೆ 'ಗೊತ್ತಾಗಲಿಲ್ಲ' ಅಂತ ಹಾಕುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಒಬ್ಬ ರಾಜನ ಹೆಸರು ಬೇಕು, ಒಂದು ಶತಮಾನ ಬೇಕು, ಸಾಧ್ಯವಾದರೆ 'ಅಪ್ರಕಟಿತ' ಎಂಬ ಪದ ಬೇಕು. ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಅದು ಸುದ್ದಿ. ಆರು ತಿಂಗಳಿಗೆ ಯಾರದೋ ಪ್ರಬಂಧದಲ್ಲಿ ಆಧಾರ. ಆಮೇಲೆ ಅದನ್ನು ಅಳಿಸುವುದು ಕಲ್ಲಿನ ಪಾಚಿ ಕೀಳುವುದಕ್ಕಿಂತ ಕಷ್ಟ.

ಹಾಗಂತ 'ಅಪ್ರಕಟಿತ' ಎಂದು ಸುದ್ದಿಯಾದ ಕಲ್ಲು ನಿಜವಾಗಿ ಅಪ್ರಕಟಿತವೇ ಅಂತ ನೋಡಲಿಕ್ಕೂ ವಿದ್ಯೆ ಬೇಕು. ನಮ್ಮ ಕಡೆಯ ಶಾಸನಗಳ ಮೂಲ ಗ್ರಂಥ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ, 1904ರದ್ದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳು ಅದರಲ್ಲಿವೆ. ಹೊಸಬರು ಮೊದಲು ಎಡವುವುದೇ ಇಲ್ಲಿ: ಹೊಸನಗರ ಎಂಬ ತಾಲ್ಲೂಕೇ ಅದರಲ್ಲಿ ಸಿಗುವುದಿಲ್ಲ. ಈಗಿನ ಹೊಸನಗರವನ್ನು 'ನಗರ' ಅಂತ ಹುಡುಕಬೇಕು. ಹುಂಚದ ಪಂಚಬಸದಿಯ 1077ರ ಪ್ರಸಿದ್ಧ ಶಾಸನ 'ನಗರ 35'. ಇನ್ನೊಂದು ತೊಡಕು, ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತರಲು ಶುರುಮಾಡಿದ ಪರಿಷ್ಕೃತ ಮಾಲೆಯ ಸಂಪುಟ ಸಂಖ್ಯೆಗಳೇ ಬೇರೆ. ಅಲ್ಲಿ 8 ಅಂದರೆ ಹಾಸನ ಜಿಲ್ಲೆ. ಅಡಿಟಿಪ್ಪಣಿಯಲ್ಲಿ ಬರೀ 'ಎ.ಕ. 8' ಅಂತ ಬರೆದರೆ ಓದುಗ ಇಕ್ಕೇರಿಗೆ ಹೋಗಬೇಕೋ ಹಾಸನಕ್ಕೆ ಹೋಗಬೇಕೋ! ಇದರ ಮೇಲೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಚದುರಿ ಬಿದ್ದಿರುವ ಶಾಸನಗಳು ಬೇರೆ.

ಊರಿನ ಹೆಸರು ಸಿಕ್ಕಿತು ಅನ್ನಿ, ಊರು ಸಿಗಬೇಕಲ್ಲ. ಶರಾವತಿಗೆ ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂತು, 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೇ ನುಂಗಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿ ಹೋದವು. ಜನ ಎದ್ದು ಎಲ್ಲೆಲ್ಲೋ ಕೂತರು, ಕೆಲವರು ಹಳೇ ಊರಿನ ಹೆಸರನ್ನೂ ಜೊತೆಗೇ ಒಯ್ದರು. 1904ರ ಪಟ್ಟಿ ಹಿಡಿದು ಇವತ್ತಿನ ನಕ್ಷೆ ನೋಡುವವನಿಗೆ ಇದೆಲ್ಲ ಯಾರು ಹೇಳಬೇಕು? ಅಲ್ಲಿಂದ ಎದ್ದು ಬಂದ ಮನೆಯ ಹಿರಿಯರು ಹೇಳಬೇಕು. ಅವರ ಹತ್ತಿರ ಕೂತು ಕೇಳುವುದಕ್ಕೆ ಒಂದು ಭಾನುವಾರ ಸಾಲದು.

ಇಷ್ಟೆಲ್ಲ ಇಟ್ಟುಕೊಂಡು 'ಅನುಭವ ಬೇಕಿಲ್ಲ' ಅಂತ ಬರೆಯುವವರು ಉದಾರಿಗಳಂತೂ ಅಲ್ಲ. ಬರುವವರ ಸಮಯಕ್ಕೆ ಬೆಲೆ ಇಲ್ಲ ಅಂತ ಅವರೇ ಒಪ್ಪಿಕೊಂಡಂತೆ ಆಯಿತು.

'ಬಿಡುವಿನ ದಿನ' ಎನ್ನುವ ಮಾತು ಬೆಂಗಳೂರಿನಿಂದ ಎರವಲು ತಂದದ್ದು. ಅಲ್ಲಿ ಅದು ನಡೆದಿದೆ, ಚೆನ್ನಾಗಿಯೇ ನಡೆದಿದೆ. ಪಿ. ಎಲ್. ಉದಯಕುಮಾರ್ ಮತ್ತು ಗೆಳೆಯರು ರೈಸ್ ಅವರ ಬೆಂಗಳೂರು ಸಂಪುಟ ಹಿಡಿದು ನಗರದ ಕಲ್ಲುಗಳನ್ನು ಒಂದೊಂದಾಗಿ ಹುಡುಕಿದರು. ಹೆಬ್ಬಾಳದಲ್ಲಿ ಚರಂಡಿ ಕೆಲಸದ ಮಣ್ಣಿನಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಊರಿಗೆಲ್ಲ ಗೊತ್ತಾದದ್ದು ಹಾಗೆ. 2021ರಿಂದ ಮಿಥಿಕ್ ಸೊಸೈಟಿಯ ಸೂರಿನಡಿ ಅದು ಮೂರು ಆಯಾಮದ ಸ್ಕ್ಯಾನಿಂಗ್ ಯೋಜನೆಯೇ ಆಯಿತು. ಇದನ್ನು ನೋಡಿ ನಮ್ಮಲ್ಲೂ ಹಾಗೇ ಮಾಡೋಣ ಅಂತ ಹೊರಟವರು ಒಂದು ಮರೆತರು. ಅಲ್ಲಿ ಜನ ನಿಂತದ್ದು ಭಾನುವಾರದ ಉತ್ಸಾಹದಿಂದಲ್ಲ. ಒಂದು ಪಟ್ಟಿ ಇತ್ತು, ಅದರಲ್ಲಿ ಸಿಕ್ಕಿದ್ದೆಷ್ಟು ಸಿಗದ್ದೆಷ್ಟು ಅಂತ ಲೆಕ್ಕ ಇಡುವವರಿದ್ದರು, ಕೊನೆಗೆ ಬೆನ್ನಿಗೊಂದು ಸಂಸ್ಥೆ ಬಂತು.

ಮಲೆನಾಡಿನ ಬಿಡುವು ಬೇರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಉಂಬಳ, ಕಲ್ಲಿನ ಮೇಲೆ ಬೆರಳು ದಪ್ಪ ಪಾಚಿ. ಒದ್ದೆ ಹವೆಯಲ್ಲಿ ಪಡಿಯಚ್ಚಿನ ಕಾಗದ ಒಣಗುವುದೇ ಇಲ್ಲ. ಬಿಸಿಲು ಬಿದ್ದ ಕೂಡಲೇ ಗದ್ದೆ ಕೊಯ್ಲು, ಅಡಿಕೆ ಕೊಯ್ಲು. ಕೊನೆಗೌಡ ಇವತ್ತು ಬರುತ್ತೇನೆ ಅಂದರೆ ಇವತ್ತೇ. ಅವನನ್ನು ಬಿಟ್ಟು 'ಹೆರಿಟೇಜ್ ವಾಕ್'ಗೆ ಹೋಗುವ ತೋಟದ ಮನೆಯವರು ಯಾರೂ ಇಲ್ಲ, ಇರಲೂಬಾರದು. ಫೆಬ್ರುವರಿ, ಮಾರ್ಚ್ ಸ್ವಲ್ಪ ಬಿಡುವು. ಏಪ್ರಿಲ್‌ನಿಂದ ಮದುವೆ ಮುಂಜಿ. ಆ ಬಿಡುವಿನ ತಿಂಗಳುಗಳಲ್ಲೇ ಕಾಡಿನಲ್ಲಿ ಉಣುಗಿನ ಕಾಟ ಜಾಸ್ತಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆಯಿಂದ ಜನ ಸತ್ತದ್ದನ್ನು ಮರೆತು, ಚಡ್ಡಿ ಹಾಕಿಕೊಂಡು ಕಾನಿಗೆ ನುಗ್ಗುವ ತಂಡಗಳನ್ನು ನಾನು ನೋಡಿದ್ದೇನೆ. ಕರೆಯೋಲೆಯಲ್ಲಿ ಊಟದ ವ್ಯವಸ್ಥೆ ಬಗ್ಗೆ ಇರುತ್ತದೆ, ಇದರ ಬಗ್ಗೆ ಒಂದಕ್ಷರ ಇರುವುದಿಲ್ಲ. ಅಂದಮೇಲೆ ಇಲ್ಲಿಯ ಕರೆ ಇಲ್ಲಿಯ ಪಂಚಾಂಗ ನೋಡಿಕೊಂಡೇ ಬರೆಯಬೇಕು. ಮಳೆಗಾಲ ಓದುವ ಕಾಲ, ಮನೆಯೊಳಗೆ ಕೂತು ಹಳೆಯ ಪಡಿಯಚ್ಚು ತಿದ್ದುವ ಕಾಲ. ಅದನ್ನು ಬಿಡುವು ಅಂತ ಲೆಕ್ಕಕ್ಕೆ ತೆಗೆದುಕೊಂಡ ತಂಡ ನಮ್ಮಲ್ಲಿ ಕಡಿಮೆ.

'ಇದು ಸೇವೆ' ಎಂಬ ಮಾತಿಗೆ ಬರುತ್ತೇನೆ. ಹೇಳಲು ಚೆನ್ನಾಗಿದೆ. ಆದರೆ ಇವರೆಲ್ಲ ಪ್ರಮಾಣ ಮಾಡಿ ಹೇಳುವ ಆ 8ನೇ ಸಂಪುಟ ಸೇವೆಯಿಂದ ಆದದ್ದಲ್ಲ. ಅದು ಮೈಸೂರು ಸರ್ಕಾರದ ಇಲಾಖೆ ಮಾಡಿಸಿದ ಕೆಲಸ. ಎಪಿಗ್ರಾಫಿಯಾದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಅಷ್ಟನ್ನೂ ರೈಸ್ ಒಬ್ಬರೇ ಕುದುರೆ ಹತ್ತಿ ಓಡಾಡಿ ಓದಿದರು ಅಂತ ನಂಬುವವರು ಈಗಲೂ ಇದ್ದಾರೆ. ಹಳ್ಳಿ ಹಳ್ಳಿಗೆ ಹೋಗಿ ನಕಲು ಮಾಡಿದವರು, ಓದಿ ಕನ್ನಡ ಪಾಠ ಸಿದ್ಧ ಮಾಡಿದ ಪಂಡಿತರು ಸಂಬಳದ ಮೇಲೆ ವರ್ಷಗಟ್ಟಲೆ ಅದನ್ನೇ ಮಾಡಿದವರು. ಅವರ ಓದುಗಳಲ್ಲೂ ತಪ್ಪುಗಳಿವೆ, ತಿದ್ದಬೇಕಾದದ್ದು ಬೇಕಾದಷ್ಟಿದೆ. ಆದರೂ ನೂರಿಪ್ಪತ್ತು ವರ್ಷವಾದ ಮೇಲೂ ನಾವು ಅದನ್ನೇ ಹಿಡಿದುಕೊಂಡಿರುವುದು ಯಾಕೆ? ಅದೇ ಜನ ಅದೇ ಕೆಲಸವನ್ನು ಬಿಡದೆ ಮಾಡಿದ್ದರಿಂದ. ಇಲಾಖೆಯೊಳಗೇ ಪಳಗಿದ ಆರ್. ನರಸಿಂಹಾಚಾರ್ 1906ರಲ್ಲಿ ರೈಸ್ ಅವರ ಜಾಗಕ್ಕೆ ಬಂದರು. ಕೆಲಸ ಕಲಿತವರಿಗೆ ಮುಂದೊಂದು ಜಾಗ ಇತ್ತು ಅನ್ನುವುದೂ ಇದರಲ್ಲಿ ಕಾಣುತ್ತದೆ. ಬೇಸರದ ಸಂಗತಿ ಅಂದರೆ, ಹಳ್ಳಿಗೆ ಹೋದ ಆ ನಕಲುಗಾರರ ಹೆಸರು ಶಾಸನದ ಪಾಠದ ಕೆಳಗೆ ಇಲ್ಲ.

ಈ ಚಾಳಿ ಈಗಲೂ ಹೋಗಿಲ್ಲ. ನಮ್ಮ ಸೀಮೆಯ ಒಬ್ಬರು ನಿವೃತ್ತ ಮೇಷ್ಟ್ರು ಒಂದು ತಂಡಕ್ಕಾಗಿ ಎರಡು ಬೇಸಿಗೆ ಕೂತು ಕೆಲವು ಕಲ್ಲುಗಳನ್ನು ಓದಿಕೊಟ್ಟರು. ಒಂದೊಂದು ಕಲ್ಲಿಗೂ ಮೂರು ಮೂರು ಸಲ ಹೋದವರು, ಬೆಳಗಿನ ಓರೆ ಬಿಸಿಲಲ್ಲಿ ಒಮ್ಮೆ, ಸಂಜೆ ಒಮ್ಮೆ, ಕತ್ತಲಾದ ಮೇಲೆ ಟಾರ್ಚ್ ಓರೆ ಹಿಡಿದು ಇನ್ನೊಮ್ಮೆ. ಪುಸ್ತಿಕೆ ಅಚ್ಚಾಗಿ ಬಂದಾಗ ಓದು ಅವರದ್ದು, ಹೆಸರು ತಂಡದ್ದು. ಅವರು ಇಟ್ಟಿದ್ದ ಚುಕ್ಕಿಗಳನ್ನೂ ಯಾರೋ ಊಹೆಯಿಂದ ತುಂಬಿಸಿದ್ದರು. ಅವರು ಜಗಳ ಮಾಡಲಿಲ್ಲ. "ಹೆಸರು ಹೋಗಲಿ ಮಾರಾಯ್ರೇ, ನಾ ಓದದೇ ಇದ್ದಿದ್ದನ್ನ ಓದಿದೀನಿ ಅಂತ ಹಾಕ್ಬಿಟ್ರಲ್ಲ" ಅಂದರು, ಅಷ್ಟೇ. ಆಮೇಲೆ ಯಾರ ಕರೆಗೂ ಹೋಗಲಿಲ್ಲ. ತಂಡದವರು ಮುಂದಿನ ನವೆಂಬರಿನಲ್ಲಿ ಹೊಸ ಕರೆಯೋಲೆ ಹೊರಡಿಸಿದರು: ಅನುಭವ ಬೇಕಿಲ್ಲ.

ಸೇವೆ ಅನ್ನುವ ಪದಕ್ಕೆ ನನ್ನ ತಕರಾರು ಇಷ್ಟು. ಪ್ರೀತಿಯಿಂದ ಮಾಡುವವರಿಗೂ ಬಸ್ಸಿನ ಛಾರ್ಜು ಬೀಳುತ್ತದೆ. ತೀರ್ಥಹಳ್ಳಿಯಿಂದ ಕವಲೇದುರ್ಗದ ಕಡೆ ಹೋಗಿ ಬರುವುದು, ಬ್ರಷ್ಷು, ಮಸಿ, ಕಾಗದ, ದಾರಿ ತೋರಿಸಿದವನಿಗೆ ಅರ್ಧ ದಿನದ ಕೂಲಿ, ಇವನ್ನು ಪ್ರತಿ ಸಲ ತನ್ನ ಜೇಬಿನಿಂದ ಕೊಡುವವರು ಅನುಕೂಲಸ್ಥರು ಮಾತ್ರ. ಹೀಗಾಗಿ ಕೆಲಸಕ್ಕೆ ಯಾರು ಉಳಿಯುತ್ತಾರೆ ಎಂಬುದನ್ನು ಯೋಗ್ಯತೆಗಿಂತ ಮುಂಚೆ ಜೇಬೇ ತೀರ್ಮಾನಿಸುತ್ತದೆ. ಸಂಬಳ ಬೇಡ, ಖರ್ಚು ಕೊಡಿ. ಅಷ್ಟೂ ಕೂಡಿಸಲಾಗದ ತಂಡ ಹತ್ತು ಹಳ್ಳಿಯ ಬದಲು ಎರಡು ಹಳ್ಳಿ ಹಿಡಿಯಲಿ.

ಪ್ರಮಾಣಪತ್ರದ ವಿಷಯ ತಿಗಳಾರಿ ಲಿಪಿಯ ಹೆಸರಲ್ಲಿ ಹೇಳುವುದೇ ಸರಿ. ಈ ಲಿಪಿ ಕರಾವಳಿಯದ್ದು ಅಂತ ಹೊರಗಿನವರು ತಿಳಿದಿರುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೇ ಮನೆಗಳ ನಾಗಂದಿಗೆಯ ಮೇಲಿನ ತಾಳೆಗರಿ ಕಟ್ಟುಗಳಲ್ಲೂ ಅದಿದೆ, ಹೆಚ್ಚಿನವು ಸಂಸ್ಕೃತ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿಯ ನೂರಾರು ಹಸ್ತಪ್ರತಿಗಳಿವೆ. ಆ ಸಂಗ್ರಹ ಒಂದು ಶಿಬಿರದಲ್ಲಿ ಆದದ್ದಲ್ಲ, ಕೆಳದಿ ಗುಂಡಾ ಜೋಯಿಸರು ಜೀವಮಾನವಿಡೀ ಮನೆ ಮನೆ ತಿರುಗಿ ಕೂಡಿಸಿದ್ದು. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ನೇ ಆವೃತ್ತಿಯಲ್ಲಿ 'ತುಳು-ತಿಗಳಾರಿ' ಸೇರಿದ ಮೇಲೆ ಉತ್ಸಾಹ ಇನ್ನೂ ಹೆಚ್ಚಿತು. ಕಾರ್ಯಾಗಾರಗಳು ನಡೆಯುತ್ತಿವೆ, ಸಂತೋಷ. ಐದು ದಿನದಲ್ಲಿ ವರ್ಣಮಾಲೆ ಬರುತ್ತದೆ, ಮಲಯಾಳಂ ಓದಲು ಬರುವವರಿಗೆ ಇನ್ನೂ ಬೇಗ. ಎರಡೂ ಗ್ರಂಥ ಲಿಪಿಯ ಮಕ್ಕಳೇ ತಾನೆ.

ಆರನೇ ದಿನ ಏನು? ಪ್ರಮಾಣಪತ್ರ ಕೊಟ್ಟು ಬಾಗಿಲು ಹಾಕುತ್ತಾರೆ. ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಒಬ್ಬೊಬ್ಬ ಲಿಪಿಕಾರನ ಒತ್ತಕ್ಷರ ಒಂದೊಂದು ಥರ, ಗರಿ ಮುರಿದಲ್ಲಿ ಅರ್ಧ ಶ್ಲೋಕ ಮಾಯ. ಅಕ್ಷರ ಬಂದವನು ಓದುಗನಾಗಬೇಕಾದರೆ ಒಂದು ಕಟ್ಟು ಕೈಗೆ ಕೊಟ್ಟು, ತಿಂಗಳಿಗೆ ನಾಲ್ಕು ಗರಿ ಬರೆದು ತಾ ಅಂತ ಹೇಳಿ, ತಂದದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕೊಡುವ ಒಬ್ಬರು ಬೇಕು. ಹಾಗೆ ತಿದ್ದಬಲ್ಲ ಹಿರಿಯರು ನಮ್ಮ ಮೂರು ತಾಲ್ಲೂಕುಗಳಲ್ಲಿ ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ಉಳಿದವರಿಗೆ ಕಣ್ಣಿನ ಪೊರೆ. ನಾವು ಅವರನ್ನು ಉದ್ಘಾಟನೆಗೆ ಕರೆದು ಶಾಲು ಹೊದಿಸಿ ಕಳಿಸುತ್ತೇವೆ, ಅವರ ಪಕ್ಕ ಇಬ್ಬರು ಹುಡುಗ ಹುಡುಗಿಯರನ್ನು ಒಂದು ವರ್ಷ ಕೂರಿಸುವುದಿಲ್ಲ. ವರದಿಯಲ್ಲಿ 'ಇಷ್ಟು ಜನರಿಗೆ ತರಬೇತಿ' ಅಂತ ಬರೆಯುವವರು 'ಇಷ್ಟು ಗರಿ ಓದಿಯಾಯಿತು' ಅಂತ ಯಾಕೆ ಬರೆಯುವುದಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇದು ನಮ್ಮೊಬ್ಬರ ಪಾಡಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು 2010ರಲ್ಲಿ ಜೆರೆಮಿ ಬೆಂಥಮ್‌ನ ಹಸ್ತಪ್ರತಿಗಳನ್ನು ಓದಿ ಬರೆದುಕೊಡಿ ಅಂತ ಸಾರ್ವಜನಿಕರನ್ನು ಕರೆಯಿತು. ಬಹಳ ಜನ ಹೆಸರು ಕೊಟ್ಟರು, ಆದರೆ ಕೆಲಸದ ಬಹುಪಾಲನ್ನು ಮಾಡಿದವರು ಬೆರಳೆಣಿಕೆಯ ಮಂದಿ. ಬರೆದುಕೊಟ್ಟ ಪ್ರತಿ ಪುಟವನ್ನೂ ಯೋಜನೆಯ ಸಿಬ್ಬಂದಿ ನೋಡಿ ಒಪ್ಪುತ್ತಿದ್ದರು. ಗ್ರೀಕ್ ಪಪೈರಸ್‌ಗಳ ಪಾಠ ಸಂಗ್ರಹದಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಸಂಪಾದಕ ಮಂಡಳಿ ಪರಿಶೀಲಿಸುತ್ತದೆ, ಒಪ್ಪಿದ್ದು ಸೂಚಿಸಿದವರ ಹೆಸರಿನಲ್ಲೇ ದಾಖಲಾಗುತ್ತದೆ. ನನಗೆ ಇದರಲ್ಲಿ ಕಂಡದ್ದು ತಂತ್ರಜ್ಞಾನವಲ್ಲ. ಕೊಟ್ಟ ಕೆಲಸವನ್ನು ಯಾರೋ ಗಮನವಿಟ್ಟು ನೋಡುತ್ತಾರೆ ಎಂಬ ಭರವಸೆ. ನಮ್ಮಲ್ಲಿ ಫೋಟೋ ಕಳಿಸಿದರೆ ಹೂವಿನ ಚಿತ್ರ, ಕೈ ಮುಗಿದ ಚಿತ್ರ ಬರುತ್ತದೆ. "ಮೂರನೇ ಸಾಲಿನ ಎರಡನೇ ಅಕ್ಷರ ವ ಅಲ್ಲ, ಮ ಇರಬಹುದು, ಇನ್ನೊಮ್ಮೆ ನೋಡಿ" ಅಂತ ಒಬ್ಬರಾದರೂ ಬರೆದರೆ ಆ ಹುಡುಗ ಹತ್ತು ವರ್ಷ ಬಿಟ್ಟು ಹೋಗುವುದಿಲ್ಲ.

ಜನಜಂಗುಳಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಜೆಸಿಬಿ ಬರುವ ಮೊದಲು ಒಂದು ಕಲ್ಲನ್ನು ನೋಡಿ 'ಇದು ಶಾಸನ ಕಣ್ರೀ' ಅಂತ ಕೂಗುವವರು ಎಷ್ಟಿದ್ದರೂ ಕಡಿಮೆ. ನಿಧಿಗಾಗಿ ಕಲ್ಲು ಕೀಳುವವರ ಕಾಟ ತಪ್ಪಿಸುವವರೂ ಊರ ಜನರೇ. ಇಕ್ಕೇರಿ ಅಘೋರೇಶ್ವರದ ನೆಲದಲ್ಲಿ ಸಾಷ್ಟಾಂಗ ಬಿದ್ದಿರುವ ನಾಯಕರ ಚಿತ್ರಗಳ ತಲೆಯ ಬಳಿ ಹೆಸರುಗಳಿವೆ, ಅದರ ಮೇಲೆ ಕಾಲಿಡಬೇಡಿ ಅಂತ ಹೇಳುವುದಕ್ಕೆ ಹಳಗನ್ನಡ ಬರಬೇಕಿಲ್ಲ. ಕಾವಲಿಗೆ ನೂರು ಜನ ಬೇಕು, ಓದಿಗೆ ಆರು ಜನ ಸಾಕು. ಎರಡಕ್ಕೂ ಒಂದೇ ಕರೆಯೋಲೆ ಹೊರಡಿಸುವುದೇ ತೊಂದರೆ. ಕಾಯಬೇಕಾದವರು ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ಓದಲು ಕೂರುತ್ತಾರೆ, ಓದಬೇಕಾದವರು ಊಟದ ಪೊಟ್ಟಣ ಹಂಚುತ್ತಿರುತ್ತಾರೆ.

ಓದುವ ಆರು ಜನ ಎಲ್ಲಿ ಸಿಗುತ್ತಾರೆ? ಹೆಚ್ಚಿನವರು ಈಗಾಗಲೇ ಇಲ್ಲೇ ಇದ್ದಾರೆ, ನಾವು ಅವರನ್ನು ಶಾಸನದವರು ಅಂತ ಎಣಿಸಿಲ್ಲ. ಶ್ಯಾನುಭೋಗಿಕೆ ಮಾಡಿದ ಮನೆಯವರಿಗೆ ಕಡತದ ಅಕ್ಷರ ಗೊತ್ತು. ಹಳೇ ಸರ್ವೆಯರಿಗೆ ಚೆಕ್ಕುಬಂದಿ ಗೊತ್ತು, ಶಾಸನದಲ್ಲಿ 'ಮೂಡಲು ನೆಟ್ಟ ಲಿಂಗಮುದ್ರೆ ಕಲ್ಲು' ಅಂತ ಬಂದರೆ ಆತ ಆ ಗಡಿಯಲ್ಲಿ ಹೋಗಿ ನಿಲ್ಲಬಲ್ಲ. ಗದ್ದೆ ಮಾಡುವವರಿಗೆ ಬೀಜವರಿ ಅಂದರೆ ಏನು, ಖಂಡುಗ ಎಷ್ಟು ಅಂತ ಬಿಡಿಸಿ ಹೇಳಬೇಕಿಲ್ಲ. ಶಿವಪ್ಪನಾಯಕನ ಶಿಸ್ತಿನ ಲೆಕ್ಕ ಪುಸ್ತಕದಲ್ಲಿ ಓದಿದವರಿಗಿಂತ ಅವರಿಗೆ ಬೇಗ ಹತ್ತುತ್ತದೆ. ಕಾಲೇಜಿನ ಹುಡುಗಿಯೊಬ್ಬಳಿಗೆ ಕಣ್ಣು ಚುರುಕಿದ್ದು ತಾಳ್ಮೆ ಇದ್ದರೆ ಹಳಗನ್ನಡವನ್ನು ಮಳೆಗಾಲದಲ್ಲಿ ಕಲಿಸಬಹುದು.

ಪರೀಕ್ಷೆಯೂ ದೊಡ್ಡದೇನಲ್ಲ. 8ನೇ ಸಂಪುಟದ ಒಂದು ಸಾಗರ ಶಾಸನದ ಪಾಠ ಕೊಡಿ, ಅದೇ ಕಲ್ಲಿನ ಒಳ್ಳೆಯ ಫೋಟೋ ಕೊಡಿ, ಎಲ್ಲಿ ಹೊಂದುವುದಿಲ್ಲ ಗುರುತು ಹಾಕಿ ತನ್ನಿ ಅನ್ನಿ. ಹದಿನೈದು ದಿನ ಬಿಟ್ಟು ಬಂದು ಎಲ್ಲ ಸರಿ ಇದೆ ಅನ್ನುವವರನ್ನು ಕಾವಲಿಗೆ ಕಳಿಸಿ. ಎಲ್ಲ ತಪ್ಪಿದೆ, ನಾನು ಹೊಸದಾಗಿ ಓದಿದ್ದೇನೆ ಅನ್ನುವವರಿಗೆ ದೂರದಿಂದಲೇ ನಮಸ್ಕಾರ ಹೇಳಿ. ನಾಲ್ಕು ಕಡೆ ಗುರುತು ಹಾಕಿ, ಎರಡು ಕಡೆ ಚುಕ್ಕಿ ಇಟ್ಟು, "ಇಲ್ಲಿ ಕಲ್ಲನ್ನೇ ನೋಡಬೇಕು" ಅಂತ ಬರೆದುಕೊಂಡು ಬಂದವರನ್ನು ಬಿಡಬೇಡಿ.

ಹೀಗಾಗಿ ಬರುವ ನವೆಂಬರಿಗೆ ಯಾವುದಾದರೂ ತಂಡ ಕರೆಯೋಲೆ ಬರೆಯುವುದಾದರೆ ಇಷ್ಟು ಬರೆಯಲಿ ಅಂತ ನನ್ನ ಆಸೆ: ಹುಂಚ ಹೋಬಳಿಯ ಕಲ್ಲುಗಳನ್ನು 'ನಗರ' ಪಟ್ಟಿಯ ಜೊತೆ ತಾಳೆ ನೋಡಲು ಒಬ್ಬರು ಬೇಕು. ಎರಡು ಬೇಸಿಗೆ, ಎರಡು ಮಳೆಗಾಲ. ಕೊಯ್ಲಿನ ದಿನಗಳಲ್ಲಿ ಕರೆಯುವುದಿಲ್ಲ. ಓಡಾಟದ ಖರ್ಚು ಮತ್ತು ದಾರಿ ತೋರಿಸುವವರ ಕೂಲಿ ನಮ್ಮದು. ನೀವು ಬರೆದುಕೊಟ್ಟದ್ದನ್ನು ತಿಂಗಳೊಳಗೆ ಬಲ್ಲವರೊಬ್ಬರು ತಿದ್ದಿ ಹಿಂದಿರುಗಿಸುತ್ತಾರೆ. ಓದಿನ ಕೆಳಗೆ ನಿಮ್ಮ ಹೆಸರು, ತಿದ್ದಿದವರ ಹೆಸರು, ಕಲ್ಲು ತೋರಿಸಿದವರ ಹೆಸರು ಮೂರೂ ಇರುತ್ತವೆ. ನೀವು ಇಟ್ಟ ಚುಕ್ಕಿಯನ್ನು ನಿಮ್ಮನ್ನು ಕೇಳದೆ ಯಾರೂ ತುಂಬುವುದಿಲ್ಲ.